ಕೆಂಪು ಮೆಣಸಿನಕಾಯಿಯ ಮಾಸ್ಕ್‌ನಲ್ಲಿ ತೂತು ಬೀಳುವುದೇಕೆ: ಬಣ್ಣದ ಆಧಾರದ ಚಿತ್ರವಿಭಜನೆಯ ದೋಷ ನಿವಾರಣೆ

ಬೆಲ್ಟ್ ಮೇಲೆ ಸಾಗುವ ಒಣ ಬ್ಯಾಡಗಿ ಮೆಣಸಿನಕಾಯಿಯ ಚಿತ್ರ ತೆಗೆದು, ಕೆಂಪು ಕಾಯಿ ಯಾವುದು, ತೊಟ್ಟು ಯಾವುದು, ಬಿಳಿಚಿಕೊಂಡ ಕಾಯಿ ಯಾವುದು ಎಂಬುದನ್ನು ಬಣ್ಣದಿಂದಲೇ ಗುರುತಿಸಲು ಓಪನ್‌ಸಿವಿ ಎಂಬ ಚಿತ್ರಸಂಸ್ಕರಣೆಯ ಲೈಬ್ರರಿಯಲ್ಲಿ ಪ್ರೋಗ್ರಾಂ ಬರೆದವರು ಸಾಮಾನ್ಯವಾಗಿ ಒಂದೇ ಬಗೆಯ ತೊಂದರೆಗೆ ಸಿಲುಕುತ್ತಾರೆ. ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕೆಂಪಗೆ ಕಾಣುವ ಕಾಯಿಯ ಮಾಸ್ಕ್‌ನಲ್ಲಿ, ಅಂದರೆ ಕಾಯಿಯೆಂದು ಪ್ರೋಗ್ರಾಂ ಆರಿಸಿದ ಪಿಕ್ಸೆಲ್‌ಗಳ ನಕ್ಷೆಯಲ್ಲಿ, ತೂತುಗಳಿರುತ್ತವೆ, ಅಂಚು ಹರಿದಿರುತ್ತದೆ, ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಕೆಟ್ಟಿರುತ್ತದೆ. ನಾನೂ ಈ ಕೆಲಸದಲ್ಲಿ ತಿಂಗಳುಗಟ್ಟಲೆ ಕಳೆದಿದ್ದೇನೆ. ಮೊದಲ ಕೆಲವು ವಾರ, ಯಾವ ಅಂಕಿಯಿಂದ ಯಾವ ಅಂಕಿಯವರೆಗಿನ ಬಣ್ಣವನ್ನು ಕಾಯಿಯೆಂದು ಹಿಡಿಯಬೇಕೆಂದು ಹೇಳುವ ಮಿತಿಗಳ ಸ್ಲೈಡರ್ ಎಳೆಯುವುದರಲ್ಲೇ ಹೋಯಿತು. ಒಂದು ಚಿತ್ರಕ್ಕೆ ಹೊಂದಿಸಿದ ಮಿತಿ ಮುಂದಿನ ಚಿತ್ರಕ್ಕೆ ಒಗ್ಗುತ್ತಿರಲಿಲ್ಲ. ದೋಷವು ಮಿತಿಯಲ್ಲೇ ಇರುವುದು ಅಪರೂಪವೆಂದೂ, ಬೆಳಕು, ಕ್ಯಾಮೆರಾ, ಫೈಲು, ಬಣ್ಣದ ಪರಿವರ್ತನೆ ಇವುಗಳಲ್ಲಿ ಎಲ್ಲೋ ಒಂದು ಕಡೆ ಬಣ್ಣವು ಮಿತಿಯ ಹತ್ತಿರ ಬರುವ ಮೊದಲೇ ಕೆಟ್ಟಿರುತ್ತದೆಂದೂ ಆಮೇಲೆ ಅರ್ಥವಾಯಿತು. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಮಿತಿಯನ್ನು ಮುಟ್ಟುವ ಹಂತ ಬಹಳ ತಡವಾಗಿ ಬರುತ್ತದೆ.

ಮೊದಲು ಪಿಕ್ಸೆಲ್‌ಗಳ ಅಂಕಿ ಓದಿ

ಮಾಸ್ಕ್ ತಪ್ಪಿದ ಜಾಗದಿಂದ ಹತ್ತು ಪಿಕ್ಸೆಲ್, ಸರಿಯಾಗಿ ಬಂದ ಜಾಗದಿಂದ ಹತ್ತು ಪಿಕ್ಸೆಲ್, ಖಾಲಿ ಬೆಲ್ಟಿನಿಂದ ಹತ್ತು ಪಿಕ್ಸೆಲ್ ಆರಿಸಿಕೊಂಡು, ಅವುಗಳ ಮೂಲ ಬಿಜಿಆರ್ (ನೀಲಿ, ಹಸಿರು, ಕೆಂಪು) ಅಂಕಿಗಳನ್ನೂ ಎಚ್‌ಎಸ್‌ವಿ (ಹ್ಯೂ ಅಂದರೆ ಯಾವ ಬಣ್ಣ ಎಂಬುದು, ಸ್ಯಾಚುರೇಷನ್ ಅಂದರೆ ಬಣ್ಣದ ಗಾಢತೆ, ಮತ್ತು ಪ್ರಕಾಶ) ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು. ಇದಕ್ಕೆ ಹತ್ತು ನಿಮಿಷ ಸಾಕು, ಮತ್ತು ಮುಂದಿನ ದಾರಿಯನ್ನು ಬಹುತೇಕ ಇದೇ ತೋರಿಸುತ್ತದೆ. ತಪ್ಪಿದ ಪಿಕ್ಸೆಲ್‌ಗಳ ಹ್ಯೂ 170ರ ಮೇಲಿದ್ದು ಉಳಿದೆರಡು ಅಂಕಿ ಚೆನ್ನಾಗಿದ್ದರೆ ದೋಷ ಒಂದು ಬಗೆಯದು. ಪ್ರಕಾಶದ ಅಂಕಿ 20ರ ಕೆಳಗಿದ್ದರೆ ಇನ್ನೊಂದು. ಕೆಂಪು ವಾಹಿನಿ, ಅಂದರೆ ಪಿಕ್ಸೆಲ್‌ನ ಕೆಂಪಿನ ಅಂಕಿ, ತನ್ನ ಗರಿಷ್ಠವಾದ 255ಕ್ಕೆ ತಾಗಿ ನಿಂತಿದ್ದರೆ ಮತ್ತೊಂದು. ಪರದೆಯ ಮೇಲಿನ ಚಿತ್ರವನ್ನು ನೋಡಿ ತೀರ್ಮಾನಿಸಲು ಹೋದರೆ ಮೋಸ ಹೋಗುತ್ತೇವೆ, ಏಕೆಂದರೆ ನಮ್ಮ ಕಣ್ಣು ನೆರಳಿನಲ್ಲಿರುವ ಕೆಂಪನ್ನೂ ಬಿಸಿಲಿನಲ್ಲಿರುವ ಕೆಂಪನ್ನೂ ಒಂದೇ ಕೆಂಪೆಂದು ಸರಿದೂಗಿಸಿಕೊಂಡು ಬಿಡುತ್ತದೆ; ಪ್ರೋಗ್ರಾಂಗೆ ಆ ಸೌಲಭ್ಯವಿಲ್ಲ.

ಈ ಹಂತದಲ್ಲೇ ವಾಹಿನಿಗಳ ಅನುಕ್ರಮವನ್ನೂ ಖಚಿತಪಡಿಸಿಕೊಳ್ಳಬೇಕು. ಓಪನ್‌ಸಿವಿ ಚಿತ್ರವನ್ನು ನೀಲಿ, ಹಸಿರು, ಕೆಂಪು ಎಂಬ ಅನುಕ್ರಮದಲ್ಲಿ ಓದುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್, ಪಿಲ್ಲೋ ಮುಂತಾದ ಬೇರೆ ಲೈಬ್ರರಿಗಳು ಕೆಂಪು, ಹಸಿರು, ನೀಲಿ ಎಂಬ ಅನುಕ್ರಮವನ್ನು ನಿರೀಕ್ಷಿಸುತ್ತವೆ. ಎರಡೂ ಅದಲುಬದಲಾದಾಗ ಓಪನ್‌ಸಿವಿಯ ಅಳತೆಯಲ್ಲಿ ಪ್ರತಿ ಹ್ಯೂ ಕೂಡ 120ರಿಂದ ತನ್ನನ್ನು ಕಳೆದಷ್ಟಾಗುತ್ತದೆ: ಕೆಂಪಿನ 0 ಹೋಗಿ 120 ಆಗುತ್ತದೆ, ಆದರೆ ಹಸಿರಿನ 60 ಅರವತ್ತಾಗಿಯೇ ಉಳಿಯುತ್ತದೆ. ಹೀಗಾಗಿ ಹಸಿರು ತೊಟ್ಟು ಸರಿಯಾಗಿ ಸಿಕ್ಕಿ ಕೆಂಪು ಕಾಯಿ ಮಾತ್ರ ಪೂರ್ತಿ ಮಾಯವಾದರೆ ಮೊದಲ ಅನುಮಾನ ಅನುಕ್ರಮದ ಮೇಲೆಯೇ ಇರಲಿ. ಕೆಲವರು ಇದನ್ನು ಕಂಡುಹಿಡಿಯದೆ ಮಿತಿಯನ್ನೇ 120ರ ಸುತ್ತ ಇಟ್ಟು ಕೆಲಸ ನಡೆಸುತ್ತಾರೆ. ಅದು ನಡೆಯುತ್ತದೆ ಕೂಡ. ಚಿತ್ರ ಓದುವ ಲೈಬ್ರರಿ ಬದಲಾದ ದಿನ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ.

ಕೆಂಪು ಎರಡು ತುದಿಗಳಲ್ಲಿ ಹಂಚಿಹೋಗಿರುವುದು

ಬೇರೆ ಯಾವ ಬಣ್ಣಕ್ಕೂ ಇಲ್ಲದ ಒಂದು ತೊಡಕು ಕೆಂಪಿಗಿದೆ. ಹ್ಯೂ ಎಂಬುದು ಒಂದು ವೃತ್ತ. ಕೆಂಪು ಆ ವೃತ್ತ ಶುರುವಾಗಿ ಮುಗಿಯುವ ಜಾಗದಲ್ಲೇ ಕುಳಿತಿದೆ. ಓಪನ್‌ಸಿವಿಯ 8 ಬಿಟ್ ಚಿತ್ರಗಳಲ್ಲಿ 360 ಡಿಗ್ರಿಯನ್ನು ಅರ್ಧ ಮಾಡಿ 0ಯಿಂದ 179ರ ಒಳಗೆ ಇಡುತ್ತಾರೆ. ಇದರ ಪರಿಣಾಮವನ್ನು ಒಂದು ಪಿಕ್ಸೆಲ್ ಹಿಡಿದು ನೋಡೋಣ. ಕೆಂಪು 120, ಹಸಿರು 30, ನೀಲಿ 20 ಇರುವ ಪಿಕ್ಸೆಲ್‌ನ ಹ್ಯೂ 6 ಡಿಗ್ರಿ, ಅಂದರೆ ಓಪನ್‌ಸಿವಿಯಲ್ಲಿ 3. ಅದರ ಪಕ್ಕದಲ್ಲೇ ಕೆಂಪು 120, ಹಸಿರು 20, ನೀಲಿ 30 ಇರುವ ಪಿಕ್ಸೆಲ್ ಇದ್ದರೆ ಅದರ ಹ್ಯೂ 354 ಡಿಗ್ರಿ, ಅಂದರೆ 177. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬಣ್ಣವೆಂದು ಹೇಳಲು ಕಷ್ಟಪಡಬೇಕು, ಆದರೆ 0ಯಿಂದ 10ರವರೆಗೆ ಎಂದು ಮಿತಿ ಬರೆದ ಪ್ರೋಗ್ರಾಂ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ತೂತು ಮಾಡುತ್ತದೆ. ಕಾಯಿಯ ಮೈತುಂಬ ಉಪ್ಪು ಚೆಲ್ಲಿದಂತೆ ಸಣ್ಣ ಸಣ್ಣ ತೂತುಗಳು ಕಂಡರೆ ಕಾರಣ ಬಹುಪಾಲು ಇದೇ.

ಪರಿಹಾರ ಸರಳ: 0ಯಿಂದ 10ರವರೆಗೆ ಒಂದು ಮಾಸ್ಕ್, 170ರಿಂದ 179ರವರೆಗೆ ಇನ್ನೊಂದು ಮಾಸ್ಕ್ ತೆಗೆದು ಎರಡನ್ನೂ ಕೂಡಿಸಬೇಕು. 170ರಿಂದ 10ರವರೆಗೆ ಎಂದು ಒಂದೇ ಸಾಲಿನಲ್ಲಿ ಕೊಟ್ಟರೆ ಮಿತಿಯೊಳಗಿನ ಪಿಕ್ಸೆಲ್ ಆರಿಸುವ ಇನ್‌ರೇಂಜ್ ಫಂಕ್ಷನ್ ದೂರು ಹೇಳದೆ ಖಾಲಿ ಮಾಸ್ಕ್ ಹಿಂದಿರುಗಿಸುತ್ತದೆ, ಏಕೆಂದರೆ ಕೆಳಮಿತಿಗಿಂತ ದೊಡ್ಡದೂ ಮೇಲ್ಮಿತಿಗಿಂತ ಚಿಕ್ಕದೂ ಆದ ಸಂಖ್ಯೆ ಅಲ್ಲಿ ಯಾವುದೂ ಇಲ್ಲ. ನನಗೆ ಹೆಚ್ಚು ಹಿಡಿಸಿದ ಇನ್ನೊಂದು ದಾರಿ, ಹ್ಯೂಗೆ 90 ಕೂಡಿಸಿ 180ರಿಂದ ಭಾಗಿಸಿದ ಶೇಷವನ್ನು ಇಟ್ಟುಕೊಳ್ಳುವುದು. ಆಗ ಕೆಂಪು 90ರ ಸುತ್ತ ಒಂದೇ ಗುಡ್ಡವಾಗಿ ನಿಲ್ಲುತ್ತದೆ, ಹಿಸ್ಟೋಗ್ರಾಂ (ಯಾವ ಅಂಕಿಯ ಪಿಕ್ಸೆಲ್ ಎಷ್ಟಿವೆ ಎಂಬ ನಕ್ಷೆ) ನೋಡುವುದಕ್ಕೂ ಮಿತಿ ಇಡುವುದಕ್ಕೂ ಅನುಕೂಲ. ಕೂಡಿಸುವ ಮೊದಲು ಅಂಕಿಯನ್ನು 16 ಬಿಟ್‌ಗೆ ಏರಿಸಿಕೊಳ್ಳಬೇಕು. ಇಲ್ಲದಿದ್ದರೆ 255 ದಾಟಿದ ಮೊತ್ತ ಸುತ್ತಿಬಂದು ಹೊಸ ದೋಷ ಹುಟ್ಟುತ್ತದೆ.

ಇದೇ ಕಾರಣಕ್ಕೆ ಹ್ಯೂ ವಾಹಿನಿಯ ಮೇಲೆ ನೇರವಾಗಿ ಬ್ಲರ್ (ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ) ಹಾಕಲೇಬಾರದು. 2 ಮತ್ತು 178 ಎರಡೂ ಕೆಂಪು, ಆದರೆ ಅವುಗಳ ಸರಾಸರಿ 90, ಅಂದರೆ ಹಸಿರುನೀಲಿ. ಗದ್ದಲವನ್ನು, ಅಂದರೆ ಅಂಕಿಗಳ ಆಕಸ್ಮಿಕ ಏರುಪೇರನ್ನು, ತಗ್ಗಿಸುವ ಕೆಲಸವೆಲ್ಲ ಬಿಜಿಆರ್ ಚಿತ್ರದ ಮೇಲೆ ಮುಗಿದ ನಂತರವೇ ಪರಿವರ್ತನೆ ನಡೆಯಬೇಕು. ಹಾಗೆಯೇ ಫೋಟೋ ತಿದ್ದುವ ತಂತ್ರಾಂಶದ ಬಣ್ಣದ ಪೆಟ್ಟಿಗೆಯಿಂದ ಅಂಕಿ ನಕಲು ಮಾಡುವಾಗ ಎಚ್ಚರವಿರಲಿ. ಅಲ್ಲಿ ಹ್ಯೂ 360ಕ್ಕೂ ಉಳಿದೆರಡು 100ಕ್ಕೂ ಲೆಕ್ಕ, ಓಪನ್‌ಸಿವಿಯಲ್ಲಿ ಉಳಿದೆರಡು 255ಕ್ಕೆ ಲೆಕ್ಕ.

ಸುಕ್ಕಿನ ಒಳಗಿನ ಕತ್ತಲು, ಏಣಿನ ಮೇಲಿನ ಹೊಳಪು

ಬ್ಯಾಡಗಿ ಕಾಯಿಯ ಮೈ ನುಣುಪಾಗಿಲ್ಲ. ಡಬ್ಬಿ ಬಗೆಯೇ ಇರಲಿ, ಕಡ್ಡಿ ಬಗೆಯೇ ಇರಲಿ, ಒಣಗಿದ ಮೇಲೆ ಮೈತುಂಬ ಸುಕ್ಕುಗಳು. ಪ್ರತಿ ಸುಕ್ಕಿಗೂ ಒಂದು ಕತ್ತಲಿನ ಕಣಿವೆ, ಒಂದು ಹೊಳೆಯುವ ಏಣು. ಎರಡೂ ಮಾಸ್ಕ್ ಕೆಡಿಸುತ್ತವೆ, ಆದರೆ ಕಾರಣ ಬೇರೆಬೇರೆ, ಮದ್ದೂ ಬೇರೆ.

ಕತ್ತಲಿನ ಕಣಿವೆಯಲ್ಲಿ ಕೆಂಪು 14, ಹಸಿರು 9, ನೀಲಿ 8 ಇರುವ ಪಿಕ್ಸೆಲ್ ಒಂದನ್ನು ತೆಗೆದುಕೊಳ್ಳಿ. ಅದರ ಹ್ಯೂ 5. ಸಂವೇದಕದ ಗದ್ದಲದಿಂದ ಹಸಿರು ಎರಡೇ ಅಂಕಿ ಏರಿ 11 ಆಯಿತೆನ್ನಿ, ಹ್ಯೂ 15ಕ್ಕೆ ಜಿಗಿಯುತ್ತದೆ. ಹಸಿರಿನ ಬದಲು ನೀಲಿ ಎರಡು ಅಂಕಿ ಏರಿದರೆ ಹ್ಯೂ 174 ಆಗುತ್ತದೆ. ಅಂದರೆ ಪ್ರಕಾಶ ಇಷ್ಟು ಕಡಿಮೆಯಿರುವ ಕಡೆ ಹ್ಯೂ ಎಂಬುದು ಬಣ್ಣದ ಸಾಕ್ಷಿಯಾಗಿ ಉಳಿಯುವುದೇ ಇಲ್ಲ, ಗದ್ದಲದ ಸಾಕ್ಷಿಯಾಗುತ್ತದೆ. ಇಲ್ಲಿ ಹ್ಯೂ ಮಿತಿಯನ್ನು ಅಗಲ ಮಾಡುವುದು ತಪ್ಪು ಮದ್ದು. ಹಾಗೆ ಮಾಡಿದರೆ ಬೆಲ್ಟಿನ ನೆರಳು, ದೂಳು ಎಲ್ಲವೂ ಮೆಣಸಿನಕಾಯಿಯಾಗಿ ಒಳಗೆ ಬರುತ್ತವೆ. ಸರಿಯಾದ ಕ್ರಮವೆಂದರೆ ಕತ್ತಲಿನ ಪಿಕ್ಸೆಲ್‌ಗಳನ್ನು ತೀರ್ಪಿನಿಂದ ಹೊರಗಿಟ್ಟು, ಮಾಸ್ಕ್‌ನ ಹೊರಗೆರೆಯನ್ನು ಹಿಡಿದ ನಂತರ ಒಳಗಿನ ತೂತುಗಳನ್ನು ತುಂಬುವುದು. ಅದಕ್ಕಿಂತಲೂ ಉತ್ತಮವಾದದ್ದು ಬೆಲ್ಟಿನ ಎರಡೂ ಬದಿಯಿಂದ ಹರಡಿದ ಬೆಳಕು ಬೀಳುವಂತೆ ಮಾಡಿ ಕಣಿವೆಗೆ ಕತ್ತಲೇ ಬಾರದಂತೆ ನೋಡಿಕೊಳ್ಳುವುದು. ದೀಪದ ಮುಂದೆ ಒಂದು ಹಾಲುಬಣ್ಣದ ಅಕ್ರಿಲಿಕ್ ಹಾಳೆ ಕಟ್ಟಿದ್ದರಿಂದ ನನಗೆ ಸಿಕ್ಕಿದ ಸುಧಾರಣೆ, ಅದಕ್ಕೂ ಮೊದಲು ಕೋಡಿನಲ್ಲಿ ಮಾಡಿದ ಯಾವ ತಿದ್ದುಪಡಿಯಿಂದಲೂ ಸಿಕ್ಕಿರಲಿಲ್ಲ.

ಏಣಿನ ಹೊಳಪಿನ ಸಂಗತಿ ಬೇರೆ. ಸಿಪ್ಪೆಯ ಮೇಲ್ಮೈಯಿಂದ ಕನ್ನಡಿಯಂತೆ ಮರಳುವ ಬೆಳಕು ಸಿಪ್ಪೆಯ ಬಣ್ಣವನ್ನು ಹೊತ್ತು ಬರುವುದಿಲ್ಲ, ದೀಪದ ಬಣ್ಣವನ್ನೇ ಹೊತ್ತು ಬರುತ್ತದೆ. ಲೋಹವಲ್ಲದ ಹೆಚ್ಚಿನ ವಸ್ತುಗಳಿಗೆ ಅನ್ವಯಿಸುವ ಈ ಮಾದರಿಯನ್ನು 1985ರಲ್ಲಿ ಸ್ಟೀವನ್ ಶೇಫರ್ ಮಂಡಿಸಿದರು. ಆದ್ದರಿಂದ ಹೊಳಪಿನ ಜಾಗದಲ್ಲಿ ಸ್ಯಾಚುರೇಷನ್ ಬೀಳುತ್ತದೆ, ಪ್ರಕಾಶ ಏರುತ್ತದೆ. ತೂತುಗಳು ಉದ್ದನೆಯ ಗೆರೆಗಳಾಗಿ ದೀಪದ ದಿಕ್ಕಿಗೆ ತಿರುಗಿದ ಏಣುಗಳ ಮೇಲೆ ಮಾತ್ರ ಇದ್ದರೆ ಇದೇ ಕಾರಣ. ದೀಪದ ಮುಂದೆ ಒಂದು ಧ್ರುವೀಕರಣ ಹಾಳೆ, ಲೆನ್ಸಿನ ಮುಂದೆ ಅದಕ್ಕೆ ಲಂಬವಾಗಿ ತಿರುಗಿಸಿದ ಇನ್ನೊಂದು ಫಿಲ್ಟರ್ ಇಟ್ಟರೆ ಹೊಳಪು ಬಹಳಮಟ್ಟಿಗೆ ಅಳಿಯುತ್ತದೆ. ಬೆಳಕು ಅರ್ಧಕ್ಕಿಂತ ಹೆಚ್ಚು ನಷ್ಟವಾಗುವುದರಿಂದ ದೀಪದ ಶಕ್ತಿ ಹೆಚ್ಚಿಸಿಕೊಳ್ಳಬೇಕಾಗುತ್ತದೆ.

ಹೊಳಪೆಂದು ತೋರುವ ಇನ್ನೊಂದು ದೋಷವೂ ಉಂಟು, ಅದು ಎಕ್ಸ್‌ಪೋಷರ್, ಅಂದರೆ ಸಂವೇದಕಕ್ಕೆ ಬೀಳುವ ಬೆಳಕು, ಅತಿಯಾಗುವುದು. ಕೆಂಪು 150, ಹಸಿರು 45, ನೀಲಿ 30 ಇರುವ ಬಣ್ಣದ ಹ್ಯೂ ಏಳೂವರೆ ಡಿಗ್ರಿ. ಬೆಳಕನ್ನು ನಾಲ್ಕು ಪಟ್ಟು ಮಾಡಿದರೆ ಸಂವೇದಕಕ್ಕೆ ಬರಬೇಕಾದದ್ದು 600, 180, 120. ಆದರೆ ಕೆಂಪು 255ರಲ್ಲೇ ನಿಂತುಬಿಡುತ್ತದೆ, ಉಳಿದೆರಡು ಏರುತ್ತಲೇ ಹೋಗುತ್ತವೆ, ಹ್ಯೂ ಸುಮಾರು 27 ಡಿಗ್ರಿಗೆ ಸರಿದು ಕಾಯಿ ಕಿತ್ತಳೆಯಾಗುತ್ತದೆ. ಇಲ್ಲಿ ಕಳೆದುಹೋದ ಕೆಂಪನ್ನು ಯಾವ ಲೆಕ್ಕದಿಂದಲೂ ಮರಳಿ ತರಲಾಗದು. ಕೆಂಪು ವಾಹಿನಿಯ ಹಿಸ್ಟೋಗ್ರಾಂ ಬಲತುದಿಯಲ್ಲಿ ಗೋಡೆಯಂತೆ ಎದ್ದು ನಿಂತಿದ್ದರೆ ಎಕ್ಸ್‌ಪೋಷರ್ ತಗ್ಗಿಸಬೇಕು. ಮೂರೂ ವಾಹಿನಿ ಸೇರಿಸಿದ ಬೂದುಚಿತ್ರದ ಹಿಸ್ಟೋಗ್ರಾಂ ಇದನ್ನು ಮುಚ್ಚಿಡುತ್ತದೆ. ಕೆಂಪನ್ನು ಬೇರೆಯಾಗಿಯೇ ನೋಡಬೇಕು.

ಬೆಲ್ಟ್ ತುಂಬಿದಂತೆ ಮಾಸ್ಕ್ ಸೊರಗಿದರೆ

ನನ್ನನ್ನು ಅತಿ ಹೆಚ್ಚು ದಿನ ಕಾಡಿದ ದೋಷ ಇದು. ನಾಲ್ಕು ಕಾಯಿ ಇಟ್ಟು ಪರೀಕ್ಷಿಸಿದಾಗ ಮಾಸ್ಕ್ ಅಚ್ಚುಕಟ್ಟಾಗಿ ಬರುತ್ತಿತ್ತು, ಬೆಲ್ಟ್ ತುಂಬ ಕಾಯಿ ಸುರಿದಾಗ ಅವೇ ಕಾಯಿಗಳ ಮಾಸ್ಕ್ ಸೊರಗುತ್ತಿತ್ತು. ಬೆಳಕು ಬದಲಾಗಿರಲಿಲ್ಲ, ಕೋಡು ಬದಲಾಗಿರಲಿಲ್ಲ. ಬದಲಾಗುತ್ತಿದ್ದದ್ದು ದೀಪದ ಬಣ್ಣವನ್ನು ಸರಿದೂಗಿಸಲೆಂದು ಕ್ಯಾಮೆರಾದ ಒಳಗಿರುವ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್. ಇಂತಹ ವ್ಯವಸ್ಥೆಗಳಲ್ಲಿ ಹಲವು, ದೃಶ್ಯದ ಸರಾಸರಿ ಬಣ್ಣ ಬೂದು ಆಗಿರಬೇಕೆಂಬ ಊಹೆಯ ಮೇಲೆ ನಿಂತಿವೆ. ಚೌಕಟ್ಟಿನ ಮುಕ್ಕಾಲು ಭಾಗ ಕೆಂಪಾದರೆ ಕ್ಯಾಮೆರಾ ಅದನ್ನು ಕೆಂಪು ದೀಪವೆಂದು ತಿಳಿದು ಕೆಂಪನ್ನು ತಗ್ಗಿಸಿ ನೀಲಿಯನ್ನು ಏರಿಸುತ್ತದೆ. ಕಾಯಿ ಕಂದಾಗುತ್ತದೆ, ಬೆಲ್ಟಿಗೆ ನೀಲಿ ಛಾಯೆ ಬರುತ್ತದೆ.

ಪತ್ತೆ ಮಾಡುವ ವಿಧಾನ ಹೀಗಿದೆ. ಚೌಕಟ್ಟಿನ ಒಂದು ಮೂಲೆಯಲ್ಲಿ ಕಾಯಿಗಳು ಮುಟ್ಟದಂತೆ ಬೂದು ಬಣ್ಣದ ಕಾರ್ಡ್ ಒಂದನ್ನು ಅಂಟಿಸಿ, ಬೆಲ್ಟ್ ಖಾಲಿ ಇರುವಾಗ, ಅರ್ಧ ತುಂಬಿದಾಗ, ಪೂರ್ತಿ ತುಂಬಿದಾಗ ಆ ಕಾರ್ಡಿನ ಮೂರು ವಾಹಿನಿಗಳ ಸರಾಸರಿಯನ್ನು ದಾಖಲಿಸಿಕೊಳ್ಳಬೇಕು. ಕಾರ್ಡಿನ ಬಣ್ಣ ಬದಲಾಗುವ ಕಾರಣವೇ ಇಲ್ಲ; ಅಂಕಿ ಬದಲಾದರೆ ಕ್ಯಾಮೆರಾ ಬದಲಾಯಿಸುತ್ತಿದೆ ಎಂದೇ ಅರ್ಥ. ಮೂರೂ ವಾಹಿನಿ ಒಂದೇ ಪ್ರಮಾಣದಲ್ಲಿ ಏರಿಳಿದರೆ ಅದು ಸ್ವಯಂಚಾಲಿತ ಎಕ್ಸ್‌ಪೋಷರ್, ಅವುಗಳ ನಡುವಿನ ಅನುಪಾತ ಬದಲಾದರೆ ವೈಟ್ ಬ್ಯಾಲೆನ್ಸ್. ಎರಡನ್ನೂ ನಿಲ್ಲಿಸಿ ಕೈಯಾರೆ ಅಂಕಿ ಕೊಡಬೇಕು, ಮತ್ತು ಕೊಟ್ಟ ಅಂಕಿಯನ್ನು ಮರಳಿ ಓದಿ ನೋಡಬೇಕು, ಏಕೆಂದರೆ ಕೆಲವು ವೆಬ್‌ಕ್ಯಾಮೆರಾಗಳ ಡ್ರೈವರ್ ಆದೇಶವನ್ನು ಸ್ವೀಕರಿಸಿದಂತೆ ತೋರಿಸಿ ಪಾಲಿಸುವುದಿಲ್ಲ. ಫೋನ್ ಕ್ಯಾಮೆರಾ ಬಳಸುವವರು ಎಚ್‌ಡಿಆರ್ ಮತ್ತು ದೃಶ್ಯ ಸುಧಾರಣೆಯ ಆಯ್ಕೆಗಳನ್ನೂ ನಿಲ್ಲಿಸಬೇಕು. ಕಾರ್ಡನ್ನು ಮಾತ್ರ ಪರೀಕ್ಷೆ ಮುಗಿದ ಮೇಲೆ ತೆಗೆಯಬೇಡಿ. ದೀಪ ಹಳೆಯದಾದಂತೆ ಬಣ್ಣ ಸರಿಯುವುದನ್ನೂ ಲೆನ್ಸಿನ ಮೇಲೆ ಮೆಣಸಿನ ದೂಳು ಕೂರುವುದನ್ನೂ ಅದೇ ಮೊದಲು ಹೇಳುತ್ತದೆ.

ದೀಪದ ಬಗ್ಗೆ ಎರಡು ಮಾತು ಇಲ್ಲಿಯೇ ಹೇಳಬೇಕು. ಎಲ್‌ಇಡಿ ಪೆಟ್ಟಿಗೆಯ ಮೇಲೆ ಬರೆದಿರುವ ಬಣ್ಣ ನಿರೂಪಣೆಯ ಅಂಕವು ಎಂಟು ಮಂದ ಬಣ್ಣಗಳ ಸರಾಸರಿ; ಕಡುಗೆಂಪಿನ ಅಂಕ ಆರ್9 ಎಂಬುದು ಆ ಸರಾಸರಿಯಲ್ಲಿ ಸೇರಿಲ್ಲ. ಒಟ್ಟು ಅಂಕ 80 ಇರುವ ದೀಪದಲ್ಲೂ ಆರ್9 ಸೊನ್ನೆಯ ಹತ್ತಿರ ಇರಬಹುದು. ಮೆಣಸಿನಕಾಯಿಯ ಕೆಲಸಕ್ಕೆ ದೀಪ ಕೊಳ್ಳುವವರು ಕೇಳಬೇಕಾದ ಅಂಕ ಆರ್9. ಎರಡನೆಯದು ಮಿನುಗು: ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಚಿತ್ರದಲ್ಲಿ ಅಡ್ಡಪಟ್ಟಿಗಳು ಬೀಳುತ್ತವೆ. ಎಕ್ಸ್‌ಪೋಷರ್ ಅವಧಿಯನ್ನು 10 ಮಿಲಿಸೆಕೆಂಡಿನ ಗುಣಕವಾಗಿ ಇಟ್ಟರೆ ಪಟ್ಟಿ ಮಾಯವಾಗುತ್ತದೆ. ಬೆಲ್ಟ್ ವೇಗವಾಗಿದ್ದು ಅಷ್ಟು ಹೊತ್ತು ತೆರೆದಿಡಲಾಗದಿದ್ದರೆ ಡಿಸಿ ಚಾಲಿತ ದೀಪವೇ ಬೇಕು.

ಫೈಲಿನಲ್ಲಿ ಕಳೆದುಹೋಗುವ ಬಣ್ಣ

ಕಾಯಿ ಚೆನ್ನಾಗಿ ಸಿಕ್ಕಿ ತೊಟ್ಟು ಮಾತ್ರ ಸಿಗದಿದ್ದರೆ ಜೆಪೆಗ್ ಅನ್ನು ಅನುಮಾನಿಸಬೇಕು. ಸಾಮಾನ್ಯ ಜೆಪೆಗ್ ಬೆಳಕಿನ ವಿವರವನ್ನು ಪ್ರತಿ ಪಿಕ್ಸೆಲ್‌ಗೂ ಇಡುತ್ತದೆ, ಬಣ್ಣದ ವಿವರವನ್ನು ಮಾತ್ರ ಎರಡಕ್ಕೆರಡರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಇಡುತ್ತದೆ. ಮೂರು ಪಿಕ್ಸೆಲ್ ಅಗಲದ ತೊಟ್ಟಿನ ಅಂಚಿನಲ್ಲಿ ಹೀಗೆ ಪಕ್ಕದ ಬಣ್ಣ ಬೆರೆತುಹೋಗುತ್ತದೆ, ಕೊನೆಗೆ ಶುದ್ಧವಾಗಿ ಉಳಿಯುವುದು ಹೆಚ್ಚೆಂದರೆ ಅದರ ಒಂದು ಭಾಗ. ಯುಎಸ್‌ಬಿ ವೆಬ್‌ಕ್ಯಾಮೆರಾಗಳು ಎಂಜೆಪೆಗ್ (ಪ್ರತಿ ಚೌಕಟ್ಟನ್ನೂ ಜೆಪೆಗ್ ಆಗಿ ಹಿಂಡಿದ ವಿಡಿಯೊ) ರೂಪದಲ್ಲಿ ಚಿತ್ರ ಕಳಿಸುವಾಗಲೂ ಇಂಥದ್ದೇ ನಡೆಯುತ್ತದೆ; ಅಂತಹ ಚಿತ್ರವನ್ನು ಆಮೇಲೆ ಪಿಎನ್‌ಜಿಯಾಗಿ ಉಳಿಸಿದರೆ ಕಳೆದದ್ದು ಬರುವುದಿಲ್ಲ. ಮಾದರಿ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿಕೊಂಡು, ಮತ್ತೊಮ್ಮೆ ಹಿಂಡಿಹೋದ ಆ ಚಿತ್ರಗಳ ಮೇಲೆ ಮಿತಿ ಹೊಂದಿಸುವುದನ್ನು ಬಹಳ ಕಡೆ ಕಂಡಿದ್ದೇನೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲು ಹಾಗೆಯೇ ತಲುಪುತ್ತದೆ.

ಈಗ ಮಿತಿಗೆ ಬರೋಣ

ಮೇಲಿನದೆಲ್ಲ ಸರಿಯಾದ ನಂತರ, ಎಚ್‌ಎಸ್‌ವಿಯ ಬದಲು ಲ್ಯಾಬ್ ಬಣ್ಣವ್ಯವಸ್ಥೆಯ ಎ ವಾಹಿನಿಯನ್ನು ಒಮ್ಮೆ ನೋಡುವಂತೆ ಸಲಹೆ ಮಾಡುತ್ತೇನೆ. ಅದು ಹಸಿರಿನಿಂದ ಕೆಂಪಿಗೆ ಒಂದೇ ನೇರ ಗೆರೆಯಲ್ಲಿ ಸಾಗುತ್ತದೆ. ಓಪನ್‌ಸಿವಿಯ 8 ಬಿಟ್ ಚಿತ್ರದಲ್ಲಿ 128 ತಟಸ್ಥ, ಅದಕ್ಕಿಂತ ಮೇಲೆ ಕೆಂಪಿನ ಕಡೆ. ಕೆಂಪು ಎರಡು ತುದಿಗೆ ಹಂಚಿಹೋಗುವ ತೊಡಕು ಇಲ್ಲಿಲ್ಲ, ಕತ್ತಲಿನಲ್ಲಿ ಹ್ಯೂ ಜಿಗಿಯುವಂತೆ ಇದು ಜಿಗಿಯುವುದಿಲ್ಲ, ಬರೇ 128ರ ಕಡೆ ಇಳಿಯುತ್ತದೆ. ಒಟ್ಸು 1979ರಲ್ಲಿ ಪ್ರಕಟಿಸಿದ ವಿಧಾನದಿಂದ ಈ ವಾಹಿನಿಯ ಮೇಲೆ ಮಿತಿಯನ್ನು ತಾನಾಗಿ ಆರಿಸಬಹುದು, ಆದರೆ ಹಿಸ್ಟೋಗ್ರಾಂನಲ್ಲಿ ಎರಡು ಗುಡ್ಡಗಳು ಇರುವವರೆಗೆ ಮಾತ್ರ. ಖಾಲಿ ಬೆಲ್ಟಿನ ಚಿತ್ರ ಕೊಟ್ಟರೂ ಒಟ್ಸು ವಿಧಾನ ಒಂದು ಮಿತಿಯನ್ನು ಕೊಟ್ಟೇ ಕೊಡುತ್ತದೆ, ಆಗ ಬೆಲ್ಟಿನ ಗದ್ದಲವೇ ಎರಡು ಪಾಲಾಗಿ ಇಲ್ಲದ ಕಾಯಿಗಳು ಎದ್ದು ಬರುತ್ತವೆ. ತುಂಬಿದ ಬೆಲ್ಟಿನ ಹಲವು ಚಿತ್ರಗಳಿಂದ ಒಮ್ಮೆ ಮಿತಿ ತೆಗೆದು ಅದನ್ನೇ ಸ್ಥಿರವಾಗಿ ಇಡುವುದು ಕ್ಷೇಮ. ಬೆಲ್ಟಿನ ಬಣ್ಣ ಆರಿಸುವ ಅವಕಾಶವಿದ್ದರೆ ನೀಲಿ ಇರಲಿ. ಆಹಾರ ಪದಾರ್ಥಗಳಲ್ಲಿ ನೀಲಿ ಅಪರೂಪ, ಕೆಂಪಿಗೂ ತೊಟ್ಟಿನ ಹಸಿರು ಹಳದಿಗೂ ಅದು ದೂರ.

ಮಾಸ್ಕ್‌ನ ಅಂಚನ್ನು ಹಿಗ್ಗಿಸಿ ಕುಗ್ಗಿಸಿ ತಿದ್ದುವ ಮಾರ್ಫಾಲಜಿಯನ್ನು ಕೊನೆಯಲ್ಲಿ, ಅದೂ ಕಡಿಮೆ, ಬಳಸಬೇಕು. ತೂತು ಮುಚ್ಚಲು ದೊಡ್ಡ ಕರ್ನೆಲ್ (ಎಷ್ಟು ಪಿಕ್ಸೆಲ್ ಹಿಗ್ಗಿಸಬೇಕೆಂದು ನಿರ್ಧರಿಸುವ ಅಚ್ಚು) ಹಾಕಿದರೆ ಪಕ್ಕಪಕ್ಕದ ಎರಡು ಕಾಯಿ ಒಂದಾಗುತ್ತವೆ. ಕ್ಯಾಮೆರಾದ ರೆಸಲ್ಯೂಷನ್ ಬದಲಾದರೆ ಕರ್ನೆಲ್ ಗಾತ್ರವನ್ನೂ ಬದಲಿಸಬೇಕು.

ಸುಧಾರಿಸಿದೆಯೇ ಎಂದು ಅಳೆಯಲು ಬೇರೆಬೇರೆ ಹೊತ್ತಿನಲ್ಲಿ ತೆಗೆದ ಇಪ್ಪತ್ತು ಚಿತ್ರಗಳನ್ನಾದರೂ ಕೈಯಿಂದ ಗುರುತು ಹಾಕಿ ಇಟ್ಟುಕೊಳ್ಳಬೇಕು. ಎರಡು ಮಾಸ್ಕ್‌ಗಳ ಛೇದವನ್ನು ಅವುಗಳ ಒಟ್ಟು ವ್ಯಾಪ್ತಿಯಿಂದ ಭಾಗಿಸಿ ಬರುವ ಐಓಯು ಅಂಕವನ್ನು ಕಾಯಿಗೂ ತೊಟ್ಟಿಗೂ ಪ್ರತ್ಯೇಕವಾಗಿ ತೆಗೆಯಬೇಕು. ಮಾಸ್ಕ್ ಎರಡೂ ಬದಿಯಲ್ಲಿ ಒಂದೊಂದು ಪಿಕ್ಸೆಲ್ ಕುಗ್ಗಿದರೆ 40 ಪಿಕ್ಸೆಲ್ ಅಗಲದ ಕಾಯಿಯ ಅಂಕ 0.95ರಲ್ಲಿ ಉಳಿಯುತ್ತದೆ, 4 ಪಿಕ್ಸೆಲ್ ಅಗಲದ ತೊಟ್ಟಿನ ಅಂಕ 0.5ಕ್ಕೆ ಬೀಳುತ್ತದೆ. ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ಯಾವುದು ಕೆಟ್ಟಿದೆ ಎಂಬುದೇ ಗೊತ್ತಾಗುವುದಿಲ್ಲ.

ಬಣ್ಣದಿಂದ ಆಗದ ಕೆಲಸ

ಇಷ್ಟೆಲ್ಲ ಮಾಡಿದ ಮೇಲೂ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ ತೊಟ್ಟು ಮತ್ತು ಬಿಳಿಚಿಕೊಂಡ ಕಾಯಿ ಪರಸ್ಪರ ಬೆರೆಯುತ್ತಿದ್ದರೆ, ಕೈಯಿಂದ ಗುರುತು ಹಾಕಿದ ಚಿತ್ರಗಳಿಂದ ಎರಡರ ಪಿಕ್ಸೆಲ್‌ಗಳನ್ನೂ ತೆಗೆದು ಲ್ಯಾಬ್‌ನ ಎ ವಾಹಿನಿ ಮತ್ತು ನೀಲಿಯಿಂದ ಹಳದಿಗೆ ಸಾಗುವ ಬಿ ವಾಹಿನಿಗಳ ಮೇಲೆ ಬೇರೆಬೇರೆ ಗುರುತಿನಿಂದ ಚುಕ್ಕಿ ಹಾಕಿ ನೋಡಬೇಕು. ಎರಡು ಗುಂಪುಗಳು ಓರೆಯಾದ ಗೆರೆಯಿಂದಾದರೂ ಬೇರಾಗುವಂತಿದ್ದರೆ ಚೌಕ ಮಿತಿಯ ಬದಲು ಪ್ರತಿ ಗುಂಪಿನ ಹರವನ್ನು ಲೆಕ್ಕಕ್ಕೆ ಹಿಡಿಯುವ ಮಹಲನೋಬಿಸ್ ದೂರವನ್ನು ಬಳಸಿದರೆ ಕೆಲಸವಾಗುತ್ತದೆ. ಒಂದರ ಮೇಲೊಂದು ಪೂರ್ತಿ ಕುಳಿತಿದ್ದರೆ ಬಣ್ಣವ್ಯವಸ್ಥೆ ಬದಲಿಸುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ. ಎಚ್‌ಎಸ್‌ವಿ, ಲ್ಯಾಬ್, ವೈಸಿಆರ್‌ಸಿಬಿ ಎಲ್ಲವೂ ಅದೇ ಮೂರು ಅಂಕಿಗಳನ್ನು ಬೇರೆ ರೀತಿಯಲ್ಲಿ ಬರೆಯುತ್ತವೆಯೇ ಹೊರತು ಕ್ಯಾಮೆರಾ ನೋಡದ ಹೊಸ ಮಾಹಿತಿಯನ್ನು ಸೇರಿಸುವುದಿಲ್ಲ. ಅಲ್ಲಿ ಆಕಾರವನ್ನು ಕರೆಯಬೇಕು: ಬಣ್ಣದಿಂದ ಹುಲ್ಲುಬಣ್ಣದ ತುಂಡುಗಳನ್ನೆಲ್ಲ ಒಟ್ಟಿಗೆ ಹಿಡಿದು, ಪ್ರತಿ ತುಂಡಿನ ಅಗಲವನ್ನು ಅಳೆದು, ಕೆಲವೇ ಪಿಕ್ಸೆಲ್ ಅಗಲವಿದ್ದು ಕೆಂಪು ತುಂಡಿನ ತುದಿಗೆ ಅಂಟಿಕೊಂಡಿದ್ದರೆ ತೊಟ್ಟು, ಅಗಲವಾಗಿ ತಾನೇ ನಿಂತಿದ್ದರೆ ಬಿಳಿಚಿದ ಕಾಯಿ ಎಂದು ತೀರ್ಮಾನಿಸಬೇಕು. ಕಾಯಿಯಿಂದ ಕಳಚಿ ಬೆಲ್ಟಿನ ಮೇಲೆ ಒಂಟಿಯಾಗಿ ಬಿದ್ದ ತೊಟ್ಟುಗಳಿಗೂ ಅಗಲದ ಅಳತೆಯೊಂದೇ ಸಾಕಾಗುತ್ತದೆ.

ಕ್ಯಾಮೆರಾ ಕಂಡ ಕೆಂಪನ್ನು ಮಾರುಕಟ್ಟೆಯ ಬಣ್ಣದ ಅಂಕಕ್ಕೆ ಹೋಲಿಸುವ ಬೇಡಿಕೆಯೂ ಆಗಾಗ ಬರುತ್ತದೆ. ಆ ಅಂಕವನ್ನು, ಅಂದರೆ ಅಮೆರಿಕನ್ ಸ್ಪೈಸ್ ಟ್ರೇಡ್ ಅಸೋಸಿಯೇಷನ್‌ನ ಏಎಸ್‌ಟಿಎ ಅಂಕವನ್ನು, ಕಾಯಿಪುಡಿಯಿಂದ ಅಸಿಟೋನ್‌ನಲ್ಲಿ ಬಣ್ಣ ಇಳಿಸಿ 460 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಸಿಪ್ಪೆಯ ಮೇಲ್ಮೈಯ ಚಿತ್ರ ಅದರ ಜಾಗದಲ್ಲಿ ನಿಲ್ಲಲಾರದು. ಅಂತಹ ಬೇಡಿಕೆ ಬಂದಾಗ ಮಾಸ್ಕ್‌ನ ಮಿತಿಗಳನ್ನು ಆ ಅಂಕಕ್ಕೆ ಹೊಂದಿಸಲು ತಿರುಚಬೇಡಿ, ಬೇರ್ಪಡಿಸುವ ಕೆಲಸಕ್ಕೆಂದು ಇಟ್ಟ ಮಿತಿಗಳನ್ನು ಅದೊಂದೇ ಕೆಲಸಕ್ಕೆ ಬಿಡಿ.